ಒಂದು ತಿಂಗಳು ನಿನಗೆ, ಒಂದು ತಿಂಗಳು ನನಗೆ

ತಿಪ್ಪಸಂದ್ರ, ಮಾಗಡಿ ತಾಲ್ಲೂಕು
12-6-2005

ಜಬ್ಬಾರಣ್ಣನಿಗೆ,

ಪಕ್ಕದ ಮಂಚದ ಅನಂತರಾಜು ಬರೆಯುವುದು. ಕ್ಷೇಮ ಎಂದು ಬರೆದರೆ ನೀನು ನಗುತ್ತೀಯ, ಆದ್ದರಿಂದ ಆ ಮಾತು ಬಿಟ್ಟಿದ್ದೇನೆ. ಬೆಂಗಳೂರಿನ ಆಸ್ಪತ್ರೆಯಿಂದ ನಿನ್ನನ್ನು ಕಳಿಸಿದ ಮೇಲೆ ನನ್ನನ್ನೂ ಕಳಿಸಿದರು. ಅಲ್ಲಿದ್ದಾಗ ಹಗಲೆಲ್ಲ ಹರಟಿದವರು ಊರು ಸೇರಿದ ಮೇಲೆ ಒಂದು ಸುದ್ದಿಯನ್ನೂ ಕಳಿಸಿಕೊಳ್ಳಲಿಲ್ಲ. ಫೋನು ಮಾಡೋಣವೆಂದರೆ ನಮ್ಮೂರಿನ ಬೂತು ಇರುವುದು ಮುನಿಶಾಮಯ್ಯನ ಅಂಗಡಿಯಲ್ಲಿ. ಅಲ್ಲಿ ಯಾವಾಗಲೂ ನಾಲ್ಕು ಜನ ಬೀಡಿ ಸೇದುತ್ತ ಕೂತಿರುತ್ತಾರೆ. ಅವರ ಮುಂದೆ ಉಚ್ಚೆಯ ವಿಷಯವನ್ನು ಕೂಗಿ ಹೇಳುವುದು ನನ್ನಿಂದಾಗದು. ಅದಕ್ಕೇ ಈ ಕಾಗದ.

ವಾರ್ಡಿಗೆ ಯಾರೇ ಹೊಸಬರು ಬಂದರೂ ನೀನು ನಮ್ಮಿಬ್ಬರನ್ನು ಪರಿಚಯ ಮಾಡಿಕೊಡುತ್ತಿದ್ದುದು ನೆನಪಿದೆಯಾ? ‘ಇವ್ನು ಬಿಡದಿ ಫ್ಯಾಕ್ಟ್ರಿ ಶೀಟ್ ಮೇಲಿಂದ ಬಿದ್ದೋನು, ನಾನು ಹೈವೇಗೆ ತೋಡಿದ್ ಗುಂಡಿ ಒಳಕ್ಕೆ ಬಿದ್ದೋನು. ಇಬ್ರೂ ನಡ ಮುರ್ಕಂಡ್ವಿ, ಊರು ಉದ್ಧಾರ ಆಯ್ತು’ ಅಂತ. ಇಲ್ಲಿ ಹಾಗೆ ಮಾತನಾಡುವವರು ಯಾರೂ ಇಲ್ಲ. ಕಾಲಿಗೆ ಕ್ಯಾಲಿಪರ್ ಕಟ್ಟಿಕೊಂಡು ಕೋಲೂರಿ ಹಿತ್ತಲ ತನಕ ಹೋಗಿ ಬರುತ್ತೇನೆ. ಎಲ್ಲರೂ ಪಾಪ ಎನ್ನುತ್ತಾರೆ. ಪಾಪ ಅನ್ನಿಸಿಕೊಂಡು ಸುಸ್ತಾಗಿದೆ.

ಈಗ ಮುಖ್ಯ ವಿಷಯ. ಆ ಹೊರದೇಶದ ಡಾಕ್ಟರು ತಂದಿದ್ದ ಮೆಷಿನ್ನು ಕೆಲಸ ಮಾಡುತ್ತಿದೆ. ಮೊದಲ ತಿಂಗಳು ಏನೂ ಇಲ್ಲ, ಬರೀ ಕಾಲು ಜುಮ್ಮೆನ್ನುತ್ತಿತ್ತು. ಕಾಲಿಗೆ ಕರೆಂಟು ಕೊಟ್ಟರೆ ಉಚ್ಚೆ ನಿಲ್ಲುತ್ತದೆಯಾ ಎಂದು ನನ್ನ ಹೆಂಡತಿ ಲತಾಮಣಿ ಮೂಗು ಮುರಿದಿದ್ದಳು. ಆಮೇಲೆ ನಿಧಾನವಾಗಿ ಹಿಡಿತ ಬಂತು. ಈಗ ಟ್ಯೂಬು ಹಾಕಿ ಖಾಲಿ ಮಾಡಿದರೆ ಮತ್ತೆ ಟ್ಯೂಬು ಹಾಕುವ ಹೊತ್ತಿನ ತನಕ ಪಂಚೆ ಒಣಗಿರುತ್ತದೆ. ನಾಲ್ಕು ಗಂಟೆ, ಜಬ್ಬಾರಣ್ಣ!

ನಮ್ಮದು ರೇಷ್ಮೆಹುಳದ ಮನೆ ಎಂದು ಹೇಳಿದ್ದೆನಲ್ಲ. ಹುಳಕ್ಕೆ ವಾಸನೆ ಆಗದು. ಬೀಡಿ ಸೇದಿ ಬಂದವರನ್ನು, ಸೆಂಟು ಹಾಕಿಕೊಂಡ ನೆಂಟರನ್ನು ನಮ್ಮವ್ವ ಬಾಗಿಲಲ್ಲೇ ನಿಲ್ಲಿಸುತ್ತಾಳೆ. ಇನ್ನು ನನ್ನನ್ನು ಬಿಟ್ಟಾಳೆಯೇ? ಊರಿಗೆ ಬಂದಾಗಿನಿಂದ ಹುಳದ ಮನೆಯ ಹೊರಗೋಡೆಗೆ ಒರಗಿ ಕೂರುವುದೇ ನನ್ನ ಕೆಲಸವಾಗಿತ್ತು. ಒಳಗೆ ಹುಳ ಸೊಪ್ಪು ಮೇಯುವ ಸದ್ದು ಸರಸರ ಕೇಳುತ್ತಿತ್ತು. ಕಳೆದ ವಾರ ಅವ್ವ ಬಂದು ಹತ್ತಿರ ನಿಂತು, ಮೂಸಿ, ‘ಕೈ ತೊಳ್ಕಂಡು ಬಾರ್ಲಾ, ಸೊಪ್ಪು ಹಾಕೀಯಂತೆ’ ಅಂದಳು. ಮೂರು ತಟ್ಟೆಗೆ ಸೊಪ್ಪು ಹಾಕುವಷ್ಟರಲ್ಲಿ ನನಗೆ ಅಳು ಬಂತು.

ಆರು ಮೆಷಿನ್ನಿಗೆ ನಾವು ಹನ್ನೊಂದು ಜನರಿದ್ದೆವು. ನಮಗೆ ಕಸರತ್ತು ಮಾಡಿಸುತ್ತಿದ್ದ ಭಾನುಪ್ರಿಯ ಮೇಡಂ ಚೀಟಿ ಎತ್ತಿಸಿದರು. ನನಗೆ ಬಂತು, ನಿನಗೆ ಬರಲಿಲ್ಲ. ಬೆಂಗಳೂರಿನ ಅಂಗಡಿಗಳಲ್ಲಿ ನೋವು ಕಳೆಯುವ ಮೆಷಿನ್ನು ಮಾತ್ರ ಸಿಗುತ್ತದಂತೆ, ಇದು ಸಿಗುವುದಿಲ್ಲವಂತೆ. ಡಾಕ್ಟರು ಅವರ ದೇಶಕ್ಕೆ ಹೋದರು. ಆದರೆ ನೀನು ಮನೆಯಿಂದ ಬಂದ ಡಬ್ಬಿಯನ್ನು ನನಗೆ ಅರ್ಧ ಕೊಡದೆ ಒಂದು ದಿನವೂ ಉಂಡವನಲ್ಲ. ನನಗೆ ಹಿಡಿತ ಬಂದುಬಿಟ್ಟಿದೆ, ಇನ್ನು ಒಂದು ತಿಂಗಳು ಬಿಟ್ಟರೆ ಏನೂ ಆಗದು. ಒಂದು ತಿಂಗಳು ನಿನಗೆ, ಒಂದು ತಿಂಗಳು ನನಗೆ. ನಿನ್ನ ಭಾಮೈದ ಖಲಂದರ್ ಹೇಗೂ ನಮ್ಮ ಕಡೆಯ ಗೂಡನ್ನು ಟೆಂಪೋದಲ್ಲಿ ರಾಮನಗರದ ಮಾರ್ಕೆಟ್ಟಿಗೆ ಹಾಕುತ್ತಾನೆ. ಅವನ ಕೈಯಲ್ಲಿ ಕಳಿಸಿದ್ದೇನೆ.

ಕಾಲನ್ನು ಸೋಪು ಹಾಕಿ ತೊಳೆದು ಒರೆಸಿಕೊ. ಎಣ್ಣೆ ಹಚ್ಚಿರಬಾರದು, ಪಟ್ಟಿ ಅಂಟುವುದಿಲ್ಲ. ಒಂದು ಪಟ್ಟಿ ಪಾದದ ಮೇಲಿನ ಗಂಟಿನ ಒಳಗಡೆಯ ಹರಡಿನ ಹಿಂದೆ, ಇನ್ನೊಂದು ಅದಕ್ಕಿಂತ ನಾಲ್ಕು ಬೆರಳು ಮೇಲೆ. ಗುಂಡಿಯನ್ನು ನಿಧಾನವಾಗಿ ತಿರುಗಿಸು. ಹೆಬ್ಬೆರಳು ತಾನೇ ಮಡಚಿದರೆ ನರ ಸಿಕ್ಕಿತು ಎಂದು ಅರ್ಥ. ದಿನಕ್ಕೆ ಅರ್ಧ ಗಂಟೆ ಸಾಕು.

ನಿನ್ನ ಪಕ್ಕದ ಮಂಚದ,
ಅನಂತರಾಜು

*

ಚನ್ನಪಟ್ಟಣ
20-7-2005

ತಮ್ಮಾ ಅನಂತು,

ನಿನ್ನ ಮೆಷಿನ್ನೂ ಬಂತು, ಕಾಗದವೂ ಬಂತು. ಮೆಷಿನ್ನು ಸುತ್ತಿದ್ದ ಟವೆಲ್ಲಿನಲ್ಲಿ ಎರಡು ರೇಷ್ಮೆಗೂಡು ಸಿಕ್ಕಿಕೊಂಡು ಬಂದಿದ್ದವು. ಅವನ್ನು ಇಟ್ಟುಕೊಂಡಿದ್ದೇನೆ.

ಇಲ್ಲಿಯ ಸಮಾಚಾರ ಕೇಳು. ಬೊಂಬೆ ಕಡೆಯುವ ಲೇತಿನ ಮುಂದೆ ಕೂರಲು ನನಗೆ ಕಾಲು ಬೇಕಾಗಿಲ್ಲ, ಮೋಟರಿದೆ. ಕೈಗಳು ಮೊದಲಿನಂತೆಯೇ ಇವೆ. ಆದರೆ ಶೆಡ್ಡಿನಲ್ಲಿ ಎಂಟು ಜನ ಮಗ್ಗುಲಿಗೆ ಮಗ್ಗುಲು ತಾಗಿಸಿ ಕೂರುತ್ತೇವೆ. ಅರಗು ಬಿಸಿಯಾದರೆ ಸೆಖೆ ಬೇರೆ. ಪಾಪ, ಯಾರೂ ಮೂಗು ಮುಚ್ಚಿಕೊಳ್ಳಲಿಲ್ಲ. ಮುಚ್ಚಿಕೊಳ್ಳದೆ ಇರಲು ಅವರು ಪಡುತ್ತಿದ್ದ ಕಷ್ಟವನ್ನು ನೋಡಲಾರದೆ ನಾನೇ ಮನೆಗೆ ಬಂದೆ. ಈಗ ಯಜಮಾನರು ಸಣ್ಣಪುಟ್ಟ ಕೆಲಸವನ್ನು ಮನೆಗೇ ಕಳಿಸುತ್ತಾರೆ. ಬುಗುರಿ, ಗಿಲಕಿ, ಮಕ್ಕಳ ಸರದ ಮಣಿ. ಹಳೆಯ ಲೇತೊಂದನ್ನು ನಡುಮನೆಯಲ್ಲಿ ಹಾಕಿಕೊಂಡಿದ್ದೇನೆ. ನನ್ನ ಶರ್ಫುನ್ನೀಸಾಳಿಗೆ ಮನೆಯ ತುಂಬ ಮರದ ಹೊಟ್ಟು ಗುಡಿಸುವ ಭಾಗ್ಯ.

ಮೊದಲ ಸಂಜೆ ಅವಳೇ ಕಾಲು ತೊಳೆದು ಪಟ್ಟಿ ಅಂಟಿಸಿದಳು. ಗುಂಡಿ ತಿರುಗಿಸಿದೆ, ಏನೂ ಇಲ್ಲ. ಮತ್ತೆ ತಿರುಗಿಸಿದೆ. ‘ಏ ಆಡ್ತು, ಆಡ್ತು ನೋಡ್ರೀ’ ಎಂದು ಕೂಗಿಕೊಂಡಳು. ಬಗ್ಗಿ ನೋಡುತ್ತೇನೆ, ಹೆಬ್ಬೆರಳು ಮಡಚುತ್ತಿದೆ, ಬಿಚ್ಚುತ್ತಿದೆ, ಮಡಚುತ್ತಿದೆ. ನಿದ್ದೆಯಲ್ಲಿರುವ ಮಗು ಬೆರಳಾಡಿಸುವುದಿಲ್ಲವೇ, ಥೇಟು ಹಾಗೆ. ಅರ್ಧ ಗಂಟೆ ಇಬ್ಬರೂ ಅದನ್ನೇ ನೋಡುತ್ತ ಕೂತೆವು. ಮೆಷಿನ್ನು ಆರಿಸಿದ ಮೇಲೂ ಅವಳು ನೋಡುತ್ತಿದ್ದಳು. ಅವತ್ತು ಸಾರು ಸೀದುಹೋಯಿತು.

ಉಳಿದದ್ದೂ ಪರವಾಗಿಲ್ಲ. ಎರಡು ಗಂಟೆ, ಎರಡೂವರೆ ಗಂಟೆ ಹಿಡಿಯುತ್ತಿದೆ. ನಿನಗೆ ಪುಣ್ಯ ಬರಲಿ.

ಅದನ್ನು ಟವೆಲ್ಲಿನಲ್ಲಿ ಸುತ್ತಿ ವಾಪಸು ಕಳಿಸಲು ನನಗೆ ಮನಸ್ಸಾಗಲಿಲ್ಲ. ಮರ ಕಡೆದು ಒಂದು ಡಬ್ಬಿ ಮಾಡಿದ್ದೇನೆ. ಕೆಂಪು ಅರಗು, ಮುಚ್ಚಳದ ಅಂಚಿಗೆ ಹಳದಿ. ತಾಳೆಗರಿಯಲ್ಲಿ ಉಜ್ಜಿ ಉಜ್ಜಿ ಮುಖ ಕಾಣುವಷ್ಟು ಹೊಳಪು ಕೊಟ್ಟಿದ್ದೇನೆ. ಉಚ್ಚೆಯ ಮೆಷಿನ್ನಿಗೆ ಇಷ್ಟು ಸಿಂಗಾರವೇ ಎಂದು ಖಲಂದರ್ ನಕ್ಕ. ನಗಲಿ. ಮುಂದಿನ ವಾರ ಅವನೇ ತರುತ್ತಾನೆ.

ನಿನ್ನ ಅಣ್ಣ,
ಜಬ್ಬಾರ್

*

ತಿಪ್ಪಸಂದ್ರ
28-8-2005

ಜಬ್ಬಾರಣ್ಣನಿಗೆ,

ಡಬ್ಬಿ ಎಷ್ಟು ಚೆನ್ನಾಗಿದೆಯೆಂದರೆ ನಮ್ಮವ್ವ ಅದನ್ನು ಕುಂಕುಮ ಇಡಲು ಕೇಳಿದಳು. ಕೊಡಲಿಲ್ಲ.

ಬೇರೆ ಸುದ್ದಿ ಅಷ್ಟು ಚೆನ್ನಾಗಿಲ್ಲ. ಮೆಷಿನ್ನು ನಿನ್ನ ಹತ್ತಿರ ಇದ್ದಾಗ ಮೊದಲ ಎರಡು ವಾರ ಸರಿಯಾಗಿಯೇ ಇದ್ದೆ. ಆಮೇಲೆ ಒಂದೊಂದೇ ಹನಿ ಶುರುವಾಯಿತು. ಯಾರಿಗೂ ಹೇಳಲಿಲ್ಲ. ದಪ್ಪನೆಯ ಬಟ್ಟೆ ಕಟ್ಟಿಕೊಂಡು ಹುಳದ ಮನೆಗೆ ಹೋಗುತ್ತಲೇ ಇದ್ದೆ. ಹುಳ ನಾಲ್ಕನೇ ಜ್ವರ, ಎಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ದಿನ, ಹೊಟ್ಟೆಬಾಕರ ಹಾಗೆ ಸೊಪ್ಪು ಕೇಳುವ ದಿನ, ತಟ್ಟೆ ಎತ್ತಿಕೊಡಲು ಕೈ ಚಾಚಿದೆ, ಅಷ್ಟೇ. ಬಟ್ಟೆ, ಪಂಚೆ, ನೆಲ ಎಲ್ಲ ಒದ್ದೆ. ಅವ್ವ ತಿರುಗಿ ನೋಡಿದಳು. ಬೈಯಲಿಲ್ಲ. ‘ಒಸಿ ದಿನ ಆಚೆಗಿರು ಮಗಾ’ ಅಂದಳು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಆ ಬೆಳೆಗೆ ಸಪ್ಪೆರೋಗ ಬಂತು. ಅರ್ಧಕ್ಕೂ ಹೆಚ್ಚು ಹುಳ ಕಪ್ಪಾಗಿ ಕೊಳೆತವು. ಗುಂಡಿ ತೆಗೆದು ಸುಣ್ಣ ಹಾಕಿ ಮುಚ್ಚಿದರು. ಮಳೆಗಾಲದ ಸೊಪ್ಪಿಗೆ ಆ ರೋಗ ಯಾರ ಮನೆಯಲ್ಲಾದರೂ ಬರುತ್ತದೆ. ನನ್ನಿಂದ ಆಯಿತೆಂದು ಮನೆಯಲ್ಲಿ ಒಬ್ಬರೂ ಅನ್ನಲಿಲ್ಲ, ನನ್ನಿಂದ ಅಲ್ಲವೆಂದೂ ಒಬ್ಬರೂ ಅನ್ನಲಿಲ್ಲ.

ನನ್ನ ತಮ್ಮ ಸ್ವಾಮಿಗೆ ಬಿಡದಿಯ ಕಾರ್ಖಾನೆಯಲ್ಲಿ ಸೆಕ್ಯೂರಿಟಿ ಕೆಲಸ ಸಿಕ್ಕಿದೆ. ಇನ್ನು ಅವನು ತೋಟದ ಕಡೆ ತಿರುಗಿ ನೋಡುವುದಿಲ್ಲ. ಮೊನ್ನೆ ಊಟಕ್ಕೆ ಕೂತಾಗ ನೇರವಾಗಿ ಹೇಳಿಬಿಟ್ಟ: ‘ಅವ್ವಂಗೆ ವಯ್ಸಾಯ್ತು, ಅತ್ಗೆ ಒಬ್ಳೇ ಏನ್ ಮಾಡ್ತಾಳೆ? ಅಣ್ಣ ಹುಳದ ಮನೆಗೆ ಬರಂಗಿದ್ರೆ ಸರಿ. ಇಲ್ಲಾಂದ್ರೆ ಯುಗಾದಿ ಹೊತ್ಗೆ ಹಿಪ್ಪುನೇರಳೆ ಕಿತ್ತಾಕಿ ನೀಲಗಿರಿ ನೆಡುಸ್ಬುಡ್ತೀನಿ. ಅದುಕ್ಕೆ ಆಳೂ ಬೇಡ, ಕಾಳೂ ಬೇಡ.’ ಅವನು ಹೇಳಿದ್ದರಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಕೋಲೂರಿಕೊಂಡು ಗೆಯ್ಯಬಲ್ಲ ಕೆಲಸ ಈ ಊರಿನಲ್ಲಿ ನನಗೆ ಇದೊಂದೇ ಇರುವುದು. ನೀಲಗಿರಿ ನೆಟ್ಟರೆ ನಾನು ಅದರ ನೆರಳಿನಲ್ಲಿ ಕೂರಬೇಕು, ಅದಕ್ಕೆ ನೆರಳೂ ಸರಿಯಾಗಿ ಇರುವುದಿಲ್ಲ.

ಮತ್ತೆ ಮೊದಲಿನಿಂದ ಶುರುಮಾಡಿದ್ದೇನೆ. ಸೆಪ್ಟೆಂಬರ್ ಮುಗಿಯುವ ತನಕ ಇಟ್ಟುಕೊಂಡು ಆಮೇಲೆ ಕಳಿಸುತ್ತೇನೆ. ಆಡಿದ ಮಾತು ಆಡಿದ್ದೇ.

ದಣಿದಿರುವ,
ಅನಂತರಾಜು

*

ಚನ್ನಪಟ್ಟಣ
25-9-2005

ತಮ್ಮಾ ಅನಂತು,

ನಿನ್ನ ಕಾಗದ ಓದಿ ಮನಸ್ಸಿಗೆ ಸಮಾಧಾನವಿಲ್ಲ. ಹುಳ ಸತ್ತದ್ದು ನಿನ್ನಿಂದ ಅಲ್ಲ. ಮನೆಯವರು ಹೇಳದಿದ್ದರೆ ನಾನು ಹೇಳುತ್ತಿದ್ದೇನೆ, ಕೇಳಿಸಿಕೊ.

ಕೇಳಬಾರದು ಎಂದುಕೊಂಡೇ ಕೇಳುತ್ತಿದ್ದೇನೆ. ಮುಂದಿನ ವಾರ ರಂಜಾನ್ ಹಿಡಿಯುತ್ತದೆ. ಕನಕಪುರದಿಂದ ಅಮ್ಮಿ ಬಂದು ಹಬ್ಬದ ತನಕ ನಮ್ಮ ಹತ್ತಿರವೇ ಇರುತ್ತಾರೆ. ಈ ಸಲದ ಸರದಿ ಹೇಗೂ ನನ್ನದೇ ತಾನೇ. ಹಬ್ಬದ ದಿನ ಮಸೀದಿಯಲ್ಲಿ ಎಲ್ಲರ ಸಾಲಿನಲ್ಲಿ ಕೂರಬೇಕೆಂದು ಆಸೆ. ಸಾಲಿನ ತುದಿಗೆ ಕುರ್ಚಿ ಹಾಕಿಕೊಟ್ಟರೆ ಆಯಿತು. ಇಂಥ ಕಾಯಿಲೆಯವರಿಗೆ ಮಾಫಿ ಇದೆ, ಒದ್ದೆಯಾದರೂ ನಮಾಜು ಆಗುತ್ತದೆ ಎಂದು ನಮ್ಮ ಮಸೀದಿಯ ಹಜ್ರತರು ಮನೆಗೇ ಬಂದು ಹೇಳಿ ಹೋದರು. ದೇವರು ಮಾಫಿ ಮಾಡುತ್ತಾನೆ, ಪಕ್ಕದಲ್ಲಿ ಹೊಸ ಬಟ್ಟೆ ತೊಟ್ಟು ಕೂತವನು ಏನು ಮಾಡಬೇಕು? ನನ್ನ ಮನಸ್ಸು ಒಪ್ಪುವುದಿಲ್ಲ.

ಹೇಳಿದ ದಿನಕ್ಕೆ ತಪ್ಪದೆ ಕಳಿಸು. ಹಬ್ಬ ಆದ ಮಾರನೆಯ ದಿನವೇ ವಾಪಸು ಬರುತ್ತದೆ. ಡಬ್ಬಿಯ ಮುಚ್ಚಳ ಬಿಗಿಯಾಗಿದ್ದರೆ ಒಂದಿಷ್ಟು ಮೇಣ ಸವರು.

ನಿನ್ನ ಅಣ್ಣ,
ಜಬ್ಬಾರ್

*

ತಿಪ್ಪಸಂದ್ರ
14-10-2005

ಜಬ್ಬಾರಣ್ಣನಿಗೆ,

ಖಲಂದರ್ ಎರಡು ಸಲ ಬಂದು ಬರಿಗೈಯಲ್ಲಿ ಹೋದ. ಅವನಿಗೆ ಏನೇನೋ ನೆಪ ಹೇಳಿದೆ. ನಿನಗೆ ನೆಪ ಹೇಳುವುದಿಲ್ಲ. ಮೆಷಿನ್ನು ಈಗ ಕಳಿಸಲು ಆಗುವುದಿಲ್ಲ.

ಇಲ್ಲಿ ಮಳೆ ಬಿಟ್ಟೂಬಿಡದೆ ಹುಯ್ಯುತ್ತಿದೆ. ಒದ್ದೆ ಸೊಪ್ಪನ್ನು ಹಾಕುವ ಹಾಗಿಲ್ಲ, ಒಂದೊಂದು ಕಂತೆಯನ್ನೂ ಒರೆಸಿ ಆರಿಸಿ ಹಾಕಬೇಕು. ಹುಳ ಮೂರನೇ ಜ್ವರಕ್ಕೆ ಕೂತಿವೆ. ನನಗೆ ಈಗಷ್ಟೇ ಮತ್ತೆ ಹಿಡಿತ ಬರುತ್ತಿದೆ. ಅವ್ವ ಹೋದ ಸೋಮವಾರ ಒಳಗೆ ಕರೆದಳು. ಈ ಸಲ ಕೊಟ್ಟುಬಿಟ್ಟರೆ ಇನ್ನೊಂದು ತಿಂಗಳಿಗೆ ಮತ್ತೆ ಹೊರಗೋಡೆಯೇ ಗತಿ. ಸ್ವಾಮಿ ಆಗಲೇ ನೀಲಗಿರಿ ಸಸಿಗೆ ಹೇಳಿಟ್ಟಿದ್ದಾನೆ. ಅವನಿಗೆ ಒಂದು ಕಾರಣ ಸಿಕ್ಕರೆ ಸಾಕು.

ನಿನಗಾದರೆ ಹಬ್ಬದ ಒಂದು ದಿನ. ನನಗೆ ಇದು ಅನ್ನ. ಅದಲ್ಲದೆ ನಿನಗೆ ಮಾಫಿ ಇದೆ ಎಂದು ನೀನೇ ಬರೆದಿದ್ದೀಯ. ನನ್ನ ಹುಳ ನನ್ನನ್ನು ಮಾಫಿ ಮಾಡುವುದಿಲ್ಲ. ಮತ್ತೆ ಯೋಚನೆ ಮಾಡಿ ನೋಡು, ಚೀಟಿ ಬಂದದ್ದು ನನಗೆ. ಕೊಡಲೇಬೇಕೆಂದು ಯಾರೂ ಹೇಳಿರಲಿಲ್ಲ, ನಾನಾಗಿಯೇ ಕೊಟ್ಟೆ. ಈಗ ಆಗುವುದಿಲ್ಲ ಎಂದರೆ ಬೇಜಾರು ಮಾಡಿಕೊಳ್ಳಬಾರದು.

ಅನಂತರಾಜು

*

ಚನ್ನಪಟ್ಟಣ
10-11-2005

ಅನಂತರಾಜು ಅವರಿಗೆ,

ನಿಮ್ಮ ಕಾಗದ ತಲುಪಿತು. ನೀವು ಬರೆದದ್ದು ಸರಿ. ಚೀಟಿ ನಿಮ್ಮದು, ಮೆಷಿನ್ನೂ ನಿಮ್ಮದು. ಖಲಂದರನಿಗೆ ಇನ್ನು ಕೇಳಬೇಡವೆಂದು ಹೇಳಿದ್ದೇನೆ.

ಹಬ್ಬ ಆಯಿತು. ನಾನು ಮನೆಯಲ್ಲೇ ಇದ್ದೆ. ಅಮ್ಮಿ ಕನಕಪುರಕ್ಕೆ ಹೋದರು.

ಡಬ್ಬಿಯನ್ನು ನೀವೇ ಇಟ್ಟುಕೊಳ್ಳಿ. ಕುಂಕುಮಕ್ಕೆ ಆಗುತ್ತದೆ.

ಜಬ್ಬಾರ್

*

ತಿಪ್ಪಸಂದ್ರ
8-1-2006

ಜಬ್ಬಾರಣ್ಣ,

ನೀನು ನನಗೆ ಬಹುವಚನ ಹಚ್ಚಿದೆ. ಚೀಟಿಯ ಮಾತು ಬರೆಯಬಾರದಿತ್ತು. ಬರೆಯುವಾಗಲೇ ಗೊತ್ತಿತ್ತು, ಆದರೂ ಬರೆದೆ. ಆ ಹೊತ್ತಿಗೆ ನನಗೆ ಎಲ್ಲರ ಮೇಲೂ ಸಿಟ್ಟಿತ್ತು.

ಕಳೆದ ವಾರ ತಪಾಸಣೆಗೆಂದು ಬೆಂಗಳೂರಿಗೆ ಹೋಗಿದ್ದೆ. ಭಾನುಪ್ರಿಯ ಮೇಡಂ ಸಿಕ್ಕಿದರು. ನಾವು ತಿಂಗಳಿಗೊಬ್ಬರಂತೆ ಹಂಚಿಕೊಂಡ ವಿಷಯ ಹೇಳಿದೆ, ಹೊಗಳುತ್ತಾರೆಂದುಕೊಂಡು. ಅವರು ತಲೆಗೆ ಕೈ ಹೊತ್ತು ಕೂತರು. ‘ಅಲ್ಲ ಅನಂತರಾಜು, ಅದೇನು ಹಬ್ಬದ ಒಬ್ಬಟ್ಟೇನ್ರೀ ಅರ್ಧ ಅರ್ಧ ಮಾಡೋಕೆ? ಮೂರು ತಿಂಗಳು ಒಂದು ದಿನಾನೂ ಬಿಡದೆ ಹಾಕಿದ್ರೆ ನರ ಪಾಠ ಕಲಿಯುತ್ತೆ. ಆಮೇಲೂ ಬಿಡಬಾರದು, ಬಿಟ್ಟರೆ ಮರೆಯುತ್ತೆ. ಒಂದು ತಿಂಗಳು ಹಾಕಿ ಒಂದು ತಿಂಗಳು ಬಿಟ್ಟರೆ ಇಬ್ಬರಿಗೂ ದಕ್ಕಲ್ಲ’ ಎಂದರು. ಇನ್ನೊಂದು ಮೆಷಿನ್ನು ತರಿಸಲು ಆ ಡಾಕ್ಟರಿಗೆ ಬರೆಯುತ್ತಾರಂತೆ. ಬಂದರೆ ಬಂತು.

ಇಲ್ಲಿ ಆ ಮಳೆಯ ಬೆಳೆ ಉಳಿಯಿತು. ಆದರೂ ಸ್ವಾಮಿ ರಸ್ತೆ ಕಡೆಯ ಅರ್ಧ ತೋಟ ಕಿತ್ತು ನೀಲಗಿರಿ ನೆಟ್ಟ. ಉಳಿದರ್ಧ ನನಗೆ ಬಿಟ್ಟಿದ್ದಾನೆ, ಯುಗಾದಿಯ ತನಕ ನೋಡುತ್ತಾನಂತೆ. ಲತಾಮಣಿ ಸೊಪ್ಪು ಕೊಯ್ಯುತ್ತಾಳೆ, ನಾನು ಕೂತುಕೊಂಡೇ ಕತ್ತರಿಸಿ ಹಾಕುತ್ತೇನೆ. ಬಟ್ಟೆ ಒಣಗಿದೆ. ಆದರೆ ಮೊದಲ ಸಲದ ಸಂತೋಷ ಇಲ್ಲ. ಸಂಜೆ ಪಟ್ಟಿ ಅಂಟಿಸಿಕೊಂಡು ಹೆಬ್ಬೆರಳು ಮಡಚುವುದನ್ನು ನೋಡಿದರೆ ನಿಮ್ಮ ಮನೆಯ ಸೀದ ಸಾರಿನ ನೆನಪಾಗುತ್ತದೆ.

ಮೇಡಂ ಹೇಳಿದ ಮೇಲೆ ಉಳಿದಿರುವುದು ಒಂದೇ ದಾರಿ. ಇದು ಒಬ್ಬರ ಹತ್ತಿರವೇ ಇರಬೇಕು. ಯಾರ ಹತ್ತಿರ ಎಂದು ತೀರ್ಮಾನ ಮಾಡುವ ಶಕ್ತಿ ನನಗಿಲ್ಲ. ನಿನಗೇ ಬಿಟ್ಟಿದ್ದೇನೆ. ಬೇಕು ಎಂದು ಒಂದು ಸಾಲು ಬರೆ, ಖಲಂದರನ ಕೈಗೆ ಕೊಟ್ಟು, ಉಳಿದ ತೋಟವನ್ನೂ ಕೀಳು ಎಂದು ಸ್ವಾಮಿಗೆ ಹೇಳುತ್ತೇನೆ. ಬೇಡವೆಂದರೂ ಅದನ್ನೂ ಬರೆ. ಸುಮ್ಮನಿರಬೇಡ.

ನಿನ್ನ ತಮ್ಮ ಎಂದು ಬರೆದುಕೊಳ್ಳಲು ಧೈರ್ಯ ಸಾಲದ,
ಅನಂತರಾಜು

*

ಚನ್ನಪಟ್ಟಣ
19-2-2006

ಅನಂತಣ್ಣನವರಿಗೆ ಶರ್ಫುನ್ನೀಸಾ ಮಾಡುವ ಸಲಾಮು.

ನಾನು ಏಳನೇ ಕ್ಲಾಸಿನ ತನಕ ಓದಿದ್ದು, ತಪ್ಪಿದ್ದರೆ ಸರಿಮಾಡಿಕೊಂಡು ಓದಿ. ಇವರಿಗೆ ತಿಳಿಯದ ಹಾಗೆ ಬರೆಯುತ್ತಿದ್ದೇನೆ. ನಿಮ್ಮ ಕಾಗದ ಬಂದಾಗಿನಿಂದ ಇವರು ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾರೆ. ಉತ್ತರ ಬರೆಯಿರಿ ಎಂದರೆ ‘ಏನ್ ಬರೀಲಿ, ಅವ್ನ್ ಬಾಯಿಗೆ ಮಣ್ ಹಾಕು ಅಂತ್ಲಾ’ ಎನ್ನುತ್ತಾರೆ. ಬೇಕು ಎನ್ನುವುದಕ್ಕೆ ಮನಸ್ಸಿಲ್ಲ, ಬೇಡ ಎನ್ನುವುದಕ್ಕೂ ಮನಸ್ಸಿಲ್ಲ.

ಮೆಷಿನ್ನು ನಿಮ್ಮ ಹತ್ತಿರವೇ ಇರಲಿ ಅಣ್ಣ. ಅದರಿಂದ ಇವರಿಗೆ ಏನೂ ಗುಣವಾಗಲಿಲ್ಲವೆಂಬುದು ನಿಮಗೂ ಗೊತ್ತಿದೆಯಲ್ಲ. ಆ ತಿಂಗಳೂ ದಿನಕ್ಕೆ ಅಷ್ಟೇ ಬಟ್ಟೆ ಒಗೆದೆ, ಈಗಲೂ ಅಷ್ಟೇ ಒಗೆಯುತ್ತೇನೆ. ಇವರಿಗೆ ಪೆಟ್ಟು ಬಿದ್ದಿರುವುದು ನಿಮಗಿಂತ ಮೇಲೆ, ನಿಮ್ಮಷ್ಟು ಬೇಗ ಆಗಲಿಕ್ಕಿಲ್ಲ ಎಂದು ಆಸ್ಪತ್ರೆಯಲ್ಲೇ ಹೇಳಿದ್ದರು. ನಿಮಗೆ ಅನ್ನದ ಪ್ರಶ್ನೆ. ಮೆಷಿನ್ನನ್ನು ನಮಗೇ ಕೊಡಿ ಎಂದು ಕೇಳುವುದಕ್ಕೆ ಈ ಕಾಗದ ಬರೆಯುತ್ತಿಲ್ಲ.

ನಾನು ಕೇಳುವುದು ಒಂದು ದಿನದ ಮಟ್ಟಿಗೆ. ಮೆಷಿನ್ನು ಹಾಕಿದಾಗ ಇವರ ಹೆಬ್ಬೆರಳು ಆಡುತ್ತಿತ್ತು. ಬಿದ್ದ ಮೇಲೆ ಸೊಂಟದಿಂದ ಕೆಳಗೆ ಇವರ ಮೈಯಲ್ಲಿ ಆಡಿದ್ದು ಅದೊಂದೇ. ಇವರಿಗೆ ಆಡುವುದು ತಿಳಿಯುವುದೂ ಇಲ್ಲ, ಮಲಗಿದಲ್ಲಿಂದಲೇ ‘ಆಡ್ತೈತಾ, ಆಡ್ತೈತಾ’ ಎಂದು ನನ್ನನ್ನು ಕೇಳುತ್ತಿದ್ದರು. ಆಡ್ತೈತೆ ಎಂದು ಹೇಳುವುದು ನನ್ನ ಕೆಲಸ. ಇಪ್ಪತ್ತು ವರ್ಷದ ಸಂಸಾರದಲ್ಲಿ ನನಗೆ ಅಂಥ ಒಳ್ಳೆಯ ಕೆಲಸವನ್ನು ಇವರು ಕೊಟ್ಟಿರಲಿಲ್ಲ.

ನಮ್ಮ ಅತ್ತೆಗೆ ಮಗನ ಕಾಲು ಸತ್ತುಹೋಯಿತೆಂದು ಕೊರಗು. ಎರಡು ಕಣ್ಣಿಗೂ ಪೊರೆ ಬಂದಿದೆ, ಮುಟ್ಟಿದರೆ ಮಾತ್ರ ನಂಬುತ್ತಾರೆ. ಬಂದಾಗಲೆಲ್ಲ ಮಗನ ಪಾದ ಹಿಡಿದು ಕೂತು ಅಳುತ್ತಾರೆ. ರಂಜಾನಿನಲ್ಲಿ ಅವರ ಕೈಯನ್ನು ಹೆಬ್ಬೆರಳ ಮೇಲೆ ಇಟ್ಟು ತೋರಿಸಬೇಕೆಂದು ಇವರಿಗೆ ಆಸೆಯಿತ್ತು. ಅಷ್ಟಕ್ಕೆ ಮೆಷಿನ್ನು ಕೇಳಿದರೆ ನೀವು ಏನೆಂದುಕೊಳ್ಳುತ್ತೀರೋ ಎಂದು ನಮಾಜಿನ ಮಾತು ಬರೆದರು.

ಅತ್ತೆ ಮುಂದಿನ ವಾರ ಬರುತ್ತಾರೆ. ನಿಮಗೆ ತೊಂದರೆಯಾಗದಿದ್ದರೆ ಒಂದು ದಿನಕ್ಕೆ ಖಲಂದರನ ಕೈಯಲ್ಲಿ ಕೊಟ್ಟುಕಳಿಸಿ. ಮಾರನೆಯ ದಿನವೇ ತಲುಪಿಸುವ ಜವಾಬ್ದಾರಿ ನನ್ನದು. ಆಗುವುದಿಲ್ಲವಾದರೆ ಈ ಕಾಗದ ಹರಿದುಹಾಕಿ. ನಿಮ್ಮ ಮೇಲೆ ನನಗೆ ಬೇಸರವಿಲ್ಲ.

ನಿಮ್ಮ ತಂಗಿ,
ಶರ್ಫುನ್ನೀಸಾ

*

ತಿಪ್ಪಸಂದ್ರ
23-2-2006

ಜಬ್ಬಾರಣ್ಣ,

ನಿನ್ನಂಥ ಸುಳ್ಳಪ್ಪನನ್ನು ನಾನು ನೋಡಿಲ್ಲ. ಎರಡು ಗಂಟೆ, ಎರಡೂವರೆ ಗಂಟೆ! ನಾನು ಅದನ್ನು ನಂಬಿ, ನಿನ್ನ ಹಿಡಿತ ಕಿತ್ತುಕೊಂಡೆನೆಂದು ಸಂಕಟಪಟ್ಟುಕೊಂಡು ಕೂತಿದ್ದೆ. ನಿನಗೆ ಆಗಲಿಲ್ಲವೆಂದು ಬರೆದಿದ್ದರೆ ನಾನು ಏನು ಮಾಡುತ್ತಿದ್ದೆ ಎಂದು ಯೋಚಿಸಿದೆ. ಮೆಷಿನ್ನು ಸಾರ್ಥಕವಾಗಲಿಲ್ಲ ಎಂದುಕೊಂಡು ವಾಪಸು ತರಿಸಿ ಸುಮ್ಮನಾಗುತ್ತಿದ್ದೆ. ನಿನಗೆ ಅದು ಮೊದಲೇ ಗೊತ್ತಿತ್ತು. ಬಿಡು, ಆಯಿತು. ಅತ್ತಿಗೆಯ ಮೇಲೆ ರೇಗಬೇಡ, ನನಗೆಲ್ಲ ಗೊತ್ತಿದೆಯೆಂದುಕೊಂಡು ಬರೆದಿದ್ದಾರೆ.

ಅವರ ಕಾಗದ ಓದಿ ನಮ್ಮವ್ವನಿಗೂ ಓದಿ ಹೇಳಿದೆ. ಅವ್ವ ಎದ್ದು ಹೋಗಿ ಡಬ್ಬಿಯ ಮುಚ್ಚಳ ತೆಗೆದು ನೋಡಿದಳು. ಆಮೇಲೆ, ‘ದಿನುಕ್ ಅರ್ಧ ಗಂಟೆ ತಾನೇ ಅದು ಬೇಕಾಗಾದು? ಮಿಕ್ಕಿದ್ ಹೊತ್ನಾಗೆ ಡಬ್ಬೀಲಿ ಬಿದ್ದಿರ್ತೈತಲ್ಲಾ’ ಅಂದಳು. ನೋಡು, ಎಂಟು ತಿಂಗಳು ನಾವಿಬ್ಬರು ಗಂಡಸರು ತಿಂಗಳ ಲೆಕ್ಕ ಹಾಕಿಕೊಂಡು ಜಗಳವಾಡಿದೆವು. ಈ ಮಾತು ನಮಗೆ ಹೊಳೆಯಲಿಲ್ಲ.

ಖಲಂದರನ ಕೈಯಲ್ಲಿ ಮೆಷಿನ್ನು ಕಳಿಸುವುದಿಲ್ಲ. ಬರುವ ಮಂಗಳವಾರ ನಮ್ಮ ಗೂಡು ಮಾರ್ಕೆಟ್ಟಿಗೆ ಹೋಗುತ್ತದೆ. ಬೆಳಿಗ್ಗೆ ನನ್ನ ಕಾಲಿಗೆ ಹಾಕಿ ಮುಗಿಸಿ, ಡಬ್ಬಿ ಹಿಡಿದುಕೊಂಡು ಅದೇ ಟೆಂಪೋದಲ್ಲಿ ನಾನೇ ಬರುತ್ತೇನೆ. ರಾಮನಗರದಲ್ಲಿ ಗೂಡು ಇಳಿಸಿ ಅಲ್ಲಿಂದ ನಿಮ್ಮ ಮನೆಗೆ. ಗೂಡಿನ ಚೀಲಗಳ ಜೊತೆ ಹಿಂದುಗಡೆ ಕೂತು ಬಾ ಎಂದು ಖಲಂದರನೇ ಹೇಳಿದ. ಒದ್ದೆ ತಾಗಿದ ಗೂಡನ್ನು ಮಾರ್ಕೆಟ್ಟಿನಲ್ಲಿ ಮೂಸಿಯೂ ನೋಡುವುದಿಲ್ಲ ಎಂಬುದು ನಿನಗೆ ಗೊತ್ತಿದೆ. ಬಿದ್ದ ಮೇಲೆ ಆಸ್ಪತ್ರೆಗೆ ಬಿಟ್ಟು ಬೇರೆಲ್ಲಿಗೂ ಹೋಗದವನು ನಾನು. ಭಯವಿದೆ. ಹಿಡಿತ ತಪ್ಪಿದರೆ ನಿಮ್ಮ ಮನೆಯಲ್ಲಿ ಬಟ್ಟೆ ಒಗೆಯುವ ಕೆಲಸ ಒಂದು ಜೊತೆ ಹೆಚ್ಚಾಗುತ್ತದೆ ಎಂದು ಅತ್ತಿಗೆಗೆ ಮೊದಲೇ ಹೇಳಿಬಿಡು.

ಮುಂದಿನ ಗೂಡು ಹೋಗುವಾಗ ಮತ್ತೆ ಬರುತ್ತೇನೆ. ಯುಗಾದಿಯ ಮೇಲೂ ಸ್ವಾಮಿ ಹಿಪ್ಪುನೇರಳೆ ಉಳಿಸಿದರೆ ಅದರ ಮುಂದಿನ ಸಲವೂ ಬರುತ್ತೇನೆ. ಉಳಿಸದಿದ್ದರೆ ನೀಲಗಿರಿ ತುಂಬಿದ ಲಾರಿಯಲ್ಲಿ ಬರುತ್ತೇನೆ, ನೀನು ನಗುವೆಯಂತೆ.

ಅಮ್ಮಿಯವರನ್ನು ಮಂಚದ ಮೇಲೆ ನಿನ್ನ ಕಾಲಿನ ಹತ್ತಿರವೇ ಕೂರಿಸಿರು. ನೀನು ಬಲಗಾಲನ್ನು ಸೋಪು ಹಾಕಿ ತೊಳೆದು, ಒರೆಸಿಕೊಂಡು ಕೂತಿರು. ಎಣ್ಣೆ ಹಚ್ಚಬೇಡ.

ನಿನ್ನ ತಮ್ಮ,
ಅನಂತು